ಮಣ್ಣಿನ ಎತ್ತಿನ ವಾರಸುದಾರರು

ಹಿಂದಿನ ಜನ್ಮಗಳ ನೆನಪು ಎಲ್ಲರಿಗೂ ಬರತೊಡಗಿದ ಮೇಲೆ, ಕೃಷ್ಣಾ ದಂಡೆಯ ಆ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಸುಳ್ಳು ವಾರಸುದಾರರ ಕಾಟ ಹೆಚ್ಚಿತ್ತು. ಮೇಲ್ವಿಚಾರಕಿ ವಿಶಾಲಾಕ್ಷಿ ಯಾರನ್ನೂ ನಂಬುತ್ತಿರಲಿಲ್ಲ. ಶಿಲಾಯುಗದ ಮಣ್ಣಿನ ಆಟಿಕೆ ಎತ್ತೊಂದನ್ನು ಕೇಳಿಕೊಂಡು ಒಂದೇ ದಿನ ಇಬ್ಬರು ಬಂದಾಗ, ಇವರು ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಎಂದೇ ಅಂದುಕೊಂಡಳು. ಒಬ್ಬಳು ಮುದುಕಿ ಹುಲಿಗೆಮ್ಮ, ಇನ್ನೊಬ್ಬ ಕಾಲೇಜು ಹುಡುಗ ಇಮ್ತಿಯಾಜ್.

ಅವರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಎತ್ತಿನ ಕೊಂಬು ಮುರಿದದ್ದು ಹೇಗೆಂದು ಕೇಳಿದಳು.

“ನಮ್ಮಣ್ಣ ಮುರದ್ನರೀ,” ಎಂದಳು ಹುಲಿಗೆಮ್ಮ.

“ನನ್ನ ತಂಗಿ ಸಿಟ್ಟಿನಾಗ ಒಗದು ಮುರದಳ್ರೀ ಮೇಡಮ್,” ಎಂದ ಇಮ್ತಿಯಾಜ್.

ಮಾತಾಡಿಕೊಂಡು ಬಂದವರ ಕಥೆ ಹೀಗೆ ತಾಳೆ ತಪ್ಪುವುದಿಲ್ಲ. ಅನುಮಾನ ಪೂರ್ತಿ ಹೋಗದಿದ್ದರೂ ವಿಶಾಲಾಕ್ಷಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಹೇಳಿದಳು.

ಹುಡುಗ ಮುದುಕಿಯ ಕಡೆ ತಿರುಗಿ, “ಸುಳ್ಳ ಹೇಳಬ್ಯಾಡ, ನೀನೇ ಒಗದಿ!” ಎಂದ.

ಜಗಳಕ್ಕೆ ಬಾಯಿ ತೆರೆದ ಹುಲಿಗೆಮ್ಮ ಅವನ ಹತ್ತಿರ ಬಂದಳು. ಮೊಮ್ಮಗನ ವಯಸ್ಸಿನ ಅವನ ಗಲ್ಲ ಮುಟ್ಟಿದಳು.

“ಮೀನು ಹಿಡಕೊಂಡು ಬರ್ತೀನಂತ ಹೊಳಿಗೆ ಹೋದಿ. ಕತ್ತಲಾಗೂತನಕ ದಂಡಿ ಮ್ಯಾಲ ಕುಂತಿದ್ನಲ್ಲೋ ಅಣ್ಣ, ಯಾಕ ಬರಲಿಲ್ಲ?”

ವಿಶಾಲಾಕ್ಷಿ ಮತ್ತೇನೂ ಕೇಳದೆ ಗಾಜಿನ ಪೆಟ್ಟಿಗೆಯ ಬೀಗ ತೆಗೆದಳು.