ಬಣ್ಣ ಹಿಡಿಯದ ಅಂಚು

ಎಲ್ಲಾದರೂ ವಾರ್ನಿಷ್ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಹತ್ತಿರದ ಬಾಗಿಲಿನ ಅಂಚನ್ನು ಹುಡುಕುತ್ತದೆ.

ಊರಿಗಾಂನ ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅಡುಗೆಮನೆಯ ಕಪಾಟಿನ ಬಾಗಿಲುಗಳು ಮಂಕಾಗಿವೆ, ಕಪ್ಪುಗಂದು ಬಣ್ಣ ಬಳಿದರೆ ಕೊಳೆ ಕಾಣುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಬಾಗಿಲುಗಳನ್ನು ಬಿಚ್ಚಿ ಅಂಗಳದಲ್ಲಿ ಮಲಗಿಸಿ, ಹಳೆಯ ಹೊಳಪನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ತೆಗೆದ. ಮೇಲೆ ಅಂಟಿಸಿದ್ದ ಮರದ ಪದರ ಬಲು ತೆಳು; ಎಲ್ಲಿ ಕಿತ್ತುಬರುತ್ತದೋ ಎಂದು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದ. ಆಮೇಲೆ ಹಳೆಯ ಬನಿಯನ್ ತುಂಡು ಅದ್ದಿ ಕಪ್ಪುಗಂದು ಬಣ್ಣದ ವಾರ್ನಿಷ್ ಬಳಿದ.

ಬಾಗಿಲುಗಳೆಲ್ಲ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿದವು. ಎಣ್ಣೆ ಡಬ್ಬದ ಕಪಾಟಿನ ಬಾಗಿಲಲ್ಲಿ ಮಾತ್ರ, ಅಂಚಿನ ನಾಲ್ಕು ಬೆರಳಗಲ ಜಾಗ ಬಣ್ಣ ಹಿಡಿಯದೆ ಹಳದಿಯಾಗಿಯೇ ಉಳಿಯಿತು. ಅಜ್ಜಿ ಹಿಡಿಕೆ ಮುಟ್ಟಿದವಳೇ ಅಲ್ಲ. ಒಗ್ಗರಣೆಯ ಕೈಯಲ್ಲೇ ಆ ಅಂಚು ಹಿಡಿದು ಎಳೆಯುತ್ತಿದ್ದಳು. "ಅತ್ತೆ, ಎಣ್ಣೆ ಕೈಲಿ ಬಾಗ್ಲು ಮುಟ್ಬೇಡಿ" ಎಂದು ಅಮ್ಮ ದಿನವೂ ಗೊಣಗುತ್ತಿದ್ದಳು.

"ಎಣ್ಣೆ ಒಳಕ್ಕೇ ಇಳಿದೈತೆ. ಇನ್ನೊಂದ್ಸಲ ಉಜ್ಜಿದ್ರೆ ಓಯ್ತದೆ" ಎನ್ನುತ್ತ ಅಪ್ಪ ಉಪ್ಪುಕಾಗದ ಮಡಿಸಿಕೊಂಡ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಆ ಹಳದಿ ಅಂಚನ್ನು ನೋಡಿದಳು.

"ಅದ್ನ್ಯಾಕೆ ಉಜ್ತೀರಾ? ಪದರ ಕಿತ್ಕೊಂಡು ಬತ್ತದೆ. ಅಂಗೇ ಇರ್ಲಿ ಬಿಡಿ."

ವಾರ್ನಿಷ್ ಒಣಗಿ ಬಾಗಿಲುಗಳು ಮತ್ತೆ ಕಪಾಟಿಗೆ ಕೂತ ದಿನ ಅಮ್ಮ ಸಾರಿಗೆ ಒಗ್ಗರಣೆ ಹಾಕಲು ನಿಂತಳು. ಎಣ್ಣೆ ತೆಗೆಯುವಾಗ ಹಿಡಿಕೆ ಬಿಟ್ಟು, ಆ ಹಳದಿ ಜಾಗದಲ್ಲಿ ಬೆರಳಿಟ್ಟು ಬಾಗಿಲು ಎಳೆದಳು.