ಎರಡನೇ ಸಲದ ಓದು

"ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿ," ಎಂದರು ಇಲಾಖೆಯ ನಿರ್ದೇಶಕರು, ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಾ.

ಮೂರನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಮೂರನೇ ಸಲ ಹೇಳಿದೆ.

"ಸಾರ್, ಒಂದು ರೇಷನ್ ಕಾರ್ಡ್ ಹುಡುಕೋಕೆ ನಿಮ್ಮ ಡೇಟಾಬೇಸ್ ಒಂದೇ ಪಟ್ಟಿಯನ್ನು ಎರಡು ಹೆಸರಿಟ್ಟು ಎರಡು ಸಲ ತೆರೆಯುತ್ತೆ. ಅದೇ ನಂಬರಿನ ಅದೇ ಸಾಲನ್ನು ಮತ್ತೆ ಓದಿ, ಅದಕ್ಕೇ ಜೋಡಿಸುತ್ತೆ. ನಾವು ಮಾಡಿರೋ ಪ್ರೋಗ್ರಾಂ ಇದನ್ನು ಗುರುತಿಸಿ ಎರಡನೇ ಓದನ್ನು ಕಿತ್ತುಹಾಕುತ್ತೆ. ಹೊರಗೆ ಕ್ಯೂನಲ್ಲಿ ನಿಂತಿರೋರಿಗೆ ಉತ್ತರ ಬೇಗ ಸಿಗುತ್ತೆ."

ಅವರು ಗಹಗಹಿಸಿ ನಕ್ಕರು. "ತನ್ನನ್ನೇ ತಾನು ಇನ್ನೊಂದು ಸಲ ಕೇಳಿಕೊಳ್ಳೋದಾ? ಯಾವ ಮುಠ್ಠಾಳ ಮಾಡಿದ್ದಮ್ಮ ಇದನ್ನ? ಅವನ ತಲೆಯಲ್ಲೇನು ಸಗಣಿ ತುಂಬಿತ್ತಾ?"

ಪರವಾಗಿಲ್ಲ, ಮನುಷ್ಯನಿಗೆ ಸ್ವಲ್ಪ ಬುದ್ಧಿ ಇದೆ ಅಂದುಕೊಂಡೆ.

"ಹಾಗಾದರೆ ಸಹಿ ಹಾಕ್ತೀರಾ ಸಾರ್?"

"ನಾನೊಬ್ಬ ಹಾಕಿದರೆ ಸಾಕಾ? ತಾಂತ್ರಿಕ ವಿಭಾಗದ ಮುಖ್ಯಸ್ಥರು ಒಪ್ಪಬೇಕು. ಫೈಲ್ ಕಳಿಸಿರ್ತೀನಿ. ಗುರುವಾರ ಬಂದು ಪಕ್ಕದ ಕೊಠಡಿಯಲ್ಲಿ ಅವರನ್ನೇ ಕಾಣಿ."

ಗುರುವಾರ ಎರಡು ಬಸ್ಸು ಬದಲಿಸಿ ಹೋದೆ. ಪಕ್ಕದ ಕೊಠಡಿಯ ಬಾಗಿಲಿಗೆ 'ತಾಂತ್ರಿಕ ಮುಖ್ಯಸ್ಥರು (ಹೆಚ್ಚುವರಿ ಪ್ರಭಾರ)' ಎಂಬ ಫಲಕ ತೂಗುಹಾಕಿದ್ದರು. ಒಳಗೆ ಅದೇ ನಿರ್ದೇಶಕರು ಅದೇ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಾ ನನ್ನ ಫೈಲ್ ತಿರುವುತ್ತಿದ್ದರು.

"ಓದಿದೆ ಕಣಮ್ಮ," ಎಂದರು. "ಆದರೆ ಇದಕ್ಕೆ ನಿರ್ದೇಶಕರು ಏನಂತಾರೋ, ಒಂದು ಪತ್ರ ಬರೆದು ಕೇಳಬೇಕು."