ನರಗುಂದ ರಸ್ತೆಯ ಚಾರ್ಜರ್

ನೆಟ್‌ವರ್ಕ್ ಟವರು ಬಿಟ್ಟು ಮನುಷ್ಯರ ನಗುವಿನ ಮೇಲೆ ಓಡತೊಡಗಿದಾಗಿನಿಂದ ಮೆಕ್ಯಾನಿಕ್ ನೀಲವ್ವನ ಚೀಲ ಹಗುರವಾಗಿತ್ತು. ನರಗುಂದ ರಸ್ತೆಯ ಚಾರ್ಜರ್ ಕೆಟ್ಟಿದೆಯೆಂದು ಬಂದು ನೋಡಿದರೆ, ಹೂವಿನ ಹಾರ ಹೊತ್ತ ಮದುವೆಯ ಬ್ಯಾಟರಿ ಕಾರು ನಿಂತಿತ್ತು. ಮದುಮಗ ಮಹಾಂತೇಶ ಮೊಬೈಲನ್ನು ಎಷ್ಟು ಒತ್ತಿದರೂ ನೆಟ್ ಸಿಗದೆ ಚಾರ್ಜರಿನ ದೀಪ ಹಸಿರಾಗಲೊಲ್ಲದು. ಹೊತ್ತು ಮುಳುಗುವುದರೊಳಗೆ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳಬೇಕಿತ್ತು.

ನೀಲವ್ವ ಕೇಬಲ್ ಬಿಚ್ಚಿ ಹಾಕಿದಳು, ಸ್ವಿಚ್ಚು ಆರಿಸಿ ಹಚ್ಚಿದಳು.

"ಮಷೀನು ಚಲೋ ಐತ್ರಿ. ಕಾರಿನ್ಯಾಗ ಯಾರರ ಸಿಟ್ಟಾಗ್ಯಾರೇನ್ರಿ?"

ಹಿಂದಿನ ಸೀಟಿನಲ್ಲಿದ್ದ ಮಹಾಂತೇಶನ ತಾಯಿ ಶಾಂತವ್ವ ಕಿಟಕಿಯತ್ತ ಮುಖ ತಿರುಗಿಸಿದರು. ಬೀಗರು ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದ್ದರು.

ಮಹಾಂತೇಶ ಹ್ಹಹ್ಹ ಎಂದು ನಕ್ಕ. ಸುಳ್ಳುನಗುವಿಗೆ ಚಾರ್ಜರ್ ಕೆಂಪಗೆ ಮಿಟುಕಿ ಸುಮ್ಮನಾಯಿತು.

ಅತ್ತೆಯನ್ನು ನಗಿಸೋಣವೆಂದು ಮದುಮಗಳು ಸುವರ್ಣಾ ಕಾರಿನಿಂದಿಳಿದಳು. ಗಂಡನ ಮನೆಯ ಹೊಸ್ತಿಲಲ್ಲಿ ಅವನ ಹೆಸರು ಹೇಳಲೆಂದು ಬಾಯಿಪಾಠ ಮಾಡಿದ್ದ ಒಡಪು ಗಾಬರಿಗೆ ಮರೆತೇಹೋಗಿತ್ತು. ಸೆರಗು ಬಿಗಿಹಿಡಿದು ತೋಚಿದ್ದನ್ನೇ ಹೇಳಿಬಿಟ್ಟಳು:

"ಕಂಬ ನಿಂತೈತಿ ನೆಟ್ಟಿಲ್ದ, ಗಾಡಿ ನಿಂತೈತಿ ಚಾರ್ಜಿಲ್ದ, ಅತ್ತಿ ಕುಂತಾರ ತುಪ್ಪಿಲ್ದ, ಮಾಂತೇಶರ ಹೆಸರ ಹೇಳ್ತೀನಿ ನಾಚಿಕಿಲ್ದ."

ಮಹಾಂತೇಶ ತಟ್ಟನೆ ತಾಯಿಯತ್ತ ತಿರುಗಿದ. ಶಾಂತವ್ವನ ಭುಜ ಒಮ್ಮೆ ಕುಲುಕಿತು, ಮತ್ತೊಮ್ಮೆ ಕುಲುಕಿತು. ಆಮೇಲೆ ಬಳೆಗಳೆಲ್ಲ ಗಲಗಲ ಎನ್ನುವಂತೆ ಅವರು ನಕ್ಕುಬಿಟ್ಟರು. ಚಾರ್ಜರ್ ಹಸಿರಾಯಿತು. ದೂರದ ಹೊಲದಲ್ಲಿ ಎಮ್ಮೆ ಕಾಯುತ್ತಿದ್ದವನ ಮೊಬೈಲೂ ಹಾಡತೊಡಗಿತು.

ಹೊರಡುವಾಗ ಶಾಂತವ್ವ ಸೊಸೆಯನ್ನು ತಮ್ಮ ಪಕ್ಕಕ್ಕೇ ಎಳೆದು ಕೂಡಿಸಿಕೊಂಡರು.

"ಹೊಸ್ತಿಲದಾಗ ಇನ್ನೊಂದ್ ಹೊಸಾದು ಹೇಳಬೇಕವಾ. ನಮ್ಮ ಮನ್ಯಾಗೂ ಭಾಳ ವರ್ಷದಿಂದ ನೆಟ್ಟಿಲ್ಲ."